ರೇಡಿಯೋ ಗೆಲಾಕ್ಸಿಗಳ ಜಮಾಖರ್ಚು

ಕಲ್ಯಾಣ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗನ ಮನಸ್ಸು ಬಸವಣ್ಣನವರ ಕಲ್ಯಾಣದತ್ತ ಹರಿಯುವುದು ಸಹಜ. ಥಾಣೆ, ಡೊಂಬಿವಲಿ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮಗಾದರೋ ಕಲ್ಯಾಣವೆಂದರೆ ರೈಲ್ವೆ ಜಂಕ್ಷನ್ನು, ಬೆಳಗಿನ ಜನಸಂದಣಿ, ಊರಿಗೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ಸಿಗಾಗಿ ಟ್ರಂಕು, ಚೀಲಗಳೊಡನೆ ಕಾಯುವ ಪ್ಲಾಟ್‌ಫಾರಂ. ಈ ಎರಡು ನೆನಪುಗಳ ನಡುವೆ ಮೂರನೆಯದೊಂದು ಕಲ್ಯಾಣವೂ ಉಂಟು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆ. 1965ರಲ್ಲಿ ಇದೇ ಕಲ್ಯಾಣದಲ್ಲಿ ಭಾರತದ ರೇಡಿಯೋ ಖಗೋಳ ವಿಜ್ಞಾನದ ಮೊದಲ ಹೆಜ್ಜೆಗಳಲ್ಲೊಂದು ಮೂಡಿತು.

ತಲಾ 6 ಅಡಿ ವ್ಯಾಸದ, ಬೋಗುಣಿಯಾಕಾರದ 32 ಆಂಟೆನಾಗಳು. ಅವು ಮೂಲತಃ ಆಸ್ಟ್ರೇಲಿಯಾದ ಸಿಡ್ನಿ ನಗರದ ಬಳಿ ಪಾಟ್ಸ್ ಹಿಲ್ ಎಂಬಲ್ಲಿ ಕೆಲಸ ಮಾಡಿ, ಅಲ್ಲಿ ಅಗತ್ಯ ತೀರಿದ ಮೇಲೆ ಕೊಡುಗೆಯಾಗಿ ಭಾರತಕ್ಕೆ ಬಂದಂಥವು. ಹೋಮಿ ಭಾಭಾ ಅವರ ಆಹ್ವಾನದ ಮೇರೆಗೆ 1963ರಲ್ಲಿ ಅಮೆರಿಕದಿಂದ ಮರಳಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದ್ದ ಗೋವಿಂದ ಸ್ವರೂಪರು ತಮ್ಮ ತರುಣ ಸಹೋದ್ಯೋಗಿಗಳೊಡನೆ ಅವುಗಳಲ್ಲಿ 24ನ್ನು ಪೂರ್ವ-ಪಶ್ಚಿಮವಾಗಿ 630 ಮೀಟರು ಉದ್ದಕ್ಕೂ, ಉಳಿದ 8ನ್ನು ಉತ್ತರ-ದಕ್ಷಿಣವಾಗಿ 256 ಮೀಟರು ಉದ್ದಕ್ಕೂ ಸಾಲಾಗಿ ನಿಲ್ಲಿಸಿದರು. 610 ಮೆಗಾಹರ್ಟ್ಸ್ ಆವೃತ್ತಿಯಲ್ಲಿ, ಅಂದರೆ ಸುಮಾರು ಅರ್ಧ ಮೀಟರು ಉದ್ದದ ರೇಡಿಯೋ ಅಲೆಗಳಲ್ಲಿ, 1968ರವರೆಗೆ ಅಲ್ಲಿ ಸೂರ್ಯನ ಅಧ್ಯಯನ ನಡೆಯಿತು. ಆ ತಂಡವೇ ಮುಂದೆ ಊಟಿಗೆ ಹೋಗಿ 530 ಮೀಟರು ಉದ್ದದ ದೂರದರ್ಶಕವನ್ನು 1970ರಲ್ಲಿ ಸಿದ್ಧಗೊಳಿಸಿತು. ಆಮೇಲೆ ಮಾಳಶೇಜ್ ಘಾಟಿಯ ಆಚೆ, ನಾರಾಯಣಗಾಂವ್ ಸಮೀಪದ ಖೋಡದ್ ಗ್ರಾಮದಲ್ಲಿ, ಜಗತ್ತೇ ಬೆರಗಾಗುವಂಥ ಮತ್ತೊಂದನ್ನು ಕಟ್ಟಿತು.

ಈ ಯಂತ್ರಗಳು ಆಕಾಶದಲ್ಲಿ ಕಂಡ ವಿಚಿತ್ರಗಳಲ್ಲಿ ಒಂದನ್ನು ವಾಚಕರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ. ನಾನು ವಿಜ್ಞಾನಿಯಲ್ಲ, ವಾಣಿಜ್ಯ ಪದವೀಧರ, ಬ್ಯಾಂಕಿನ ಅಧಿಕಾರಿ. ಆದರೂ ರೇಡಿಯೋ ಗೆಲಾಕ್ಸಿಗಳ ಕಥೆಯನ್ನು ಓದತೊಡಗಿದಾಗ ಅದು ಅಪರಿಚಿತವೆನಿಸಲಿಲ್ಲ. ಕಾರಣ, ಅದು ಆಮೂಲಾಗ್ರವಾಗಿ ಲೆಕ್ಕ ತಾಳೆಯಾಗದ ಒಂದು ಖಾತೆಯ ಕಥೆ.

ಎರಡು ಹಾಲೆಗಳು

ಗೆಲಾಕ್ಸಿ ಎಂದರೆ ಕೋಟಿ ಕೋಟಿ ನಕ್ಷತ್ರಗಳ ಸಮೂಹ. ನಮ್ಮ ಆಕಾಶಗಂಗೆಯೂ ಒಂದು ಗೆಲಾಕ್ಸಿಯೇ. ಅದರ ಅಡ್ಡಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಎಲ್ಲ ಗೆಲಾಕ್ಸಿಗಳೂ ಅಲ್ಪಸ್ವಲ್ಪ ರೇಡಿಯೋ ಅಲೆಗಳನ್ನು ಹೊರಸೂಸುತ್ತವೆ. ಆದರೆ ಕೆಲವು ಮಾತ್ರ ಈ ಸಾಮಾನ್ಯ ಪ್ರಮಾಣಕ್ಕಿಂತ ಲಕ್ಷಾಂತರ ಪಟ್ಟು ಪ್ರಖರವಾಗಿರುತ್ತವೆ. ಇವೇ ರೇಡಿಯೋ ಗೆಲಾಕ್ಸಿಗಳು. ರಾಜಹಂಸ ರಾಶಿಯಲ್ಲಿರುವ ಸಿಗ್ನಸ್-ಎ ಎಂಬುದು ಇವುಗಳ ಪೈಕಿ ಅಗ್ರಗಣ್ಯ. ಸುಮಾರು 75 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದ್ದೂ ಅದು ನಮ್ಮ ಆಕಾಶದ ಅತ್ಯಂತ ಪ್ರಖರ ರೇಡಿಯೋ ಮೂಲಗಳಲ್ಲೊಂದಾಗಿದೆ.

ಇಷ್ಟು ಪ್ರಖರವಾದ ಅಲೆಗಳು ಗೆಲಾಕ್ಸಿಯ ನಕ್ಷತ್ರಗಳಿರುವ ಕಡೆಯಿಂದಲೇ ಬರುತ್ತಿರಬೇಕೆಂದು ಯಾರಾದರೂ ಊಹಿಸಿಯಾರು. 1953ರಲ್ಲಿ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್ ವೀಕ್ಷಣಾಲಯದಲ್ಲಿ ಆರ್. ಸಿ. ಜೆನ್ನಿಸನ್ ಎಂಬವರೂ ಕಲ್ಕತ್ತೆಯಿಂದ ಅಲ್ಲಿಗೆ ಹೋಗಿದ್ದ ನಮ್ಮ ಎಂ. ಕೆ. ದಾಸಗುಪ್ತ ಅವರೂ ಕೂಡಿ ಆ ಊಹೆಯನ್ನು ತಲೆಕೆಳಗು ಮಾಡಿದರು. ದೂರದೂರದಲ್ಲಿ ಇರಿಸಿದ ಆಂಟೆನಾಗಳ ಸಂಕೇತಗಳನ್ನು ಹೋಲಿಸಿ ನೋಡಲಾಗಿ, ಸಿಗ್ನಸ್-ಎ ಒಂದಲ್ಲ, ಎರಡು. ನಡುವೆ ಗೆಲಾಕ್ಸಿ, ಅದರ ಇಕ್ಕೆಲಗಳಲ್ಲಿ, ಒಂದೂ ನಕ್ಷತ್ರವಿಲ್ಲದ ಬಯಲಿನಲ್ಲಿ, ಎರಡು ರೇಡಿಯೋ ಮೋಡಗಳು! ಈ ಮೋಡಗಳಿಗೇ ಹಾಲೆಗಳೆಂದು ಹೆಸರು. ಕಿವಿಯ ಹಾಲೆ, ಶ್ವಾಸಕೋಶದ ಹಾಲೆ ಎಂಬ ಮಾತುಗಳನ್ನು ಆರೋಗ್ಯ ಲೇಖನಗಳಲ್ಲಿ ಓದುವ ನಮ್ಮ ಸಂಚಿಕೆಯ ವಾಚಕರಿಗೆ ಈ ಪದ ಹೊಸದಾಗಲಾರದು.

ಇದರ ಪ್ರಮಾಣವನ್ನು ಮನಗಾಣಲು ನಮ್ಮ ಮಧ್ಯ ರೈಲ್ವೆಯ ನಕ್ಷೆಯೇ ಸಾಕು. ಸಿಗ್ನಸ್-ಎ ಗೆಲಾಕ್ಸಿಯ ನಡುಮಧ್ಯವನ್ನು ದಿವಾ ನಿಲ್ದಾಣದಲ್ಲಿ ಇಟ್ಟೆವೆಂದು ಭಾವಿಸೋಣ. ಒಂದು ಹಾಲೆಯ ತುದಿ ಥಾಣೆಯಲ್ಲಿ, ಇನ್ನೊಂದರದು ಕಲ್ಯಾಣದಲ್ಲಿ. ಈ 20 ಕಿಲೋಮೀಟರುಗಳು ಅಲ್ಲಿ ಸುಮಾರು 4 ಲಕ್ಷ ಜ್ಯೋತಿರ್ವರ್ಷಗಳು. ಇಲ್ಲಿನ 1 ಕಿಲೋಮೀಟರು ಅಲ್ಲಿನ 20,000 ಜ್ಯೋತಿರ್ವರ್ಷ. ನಮ್ಮ ಇಡೀ ಆಕಾಶಗಂಗೆಯನ್ನು ಈ ಅಳತೆಗೆ ಇಳಿಸಿದರೆ ಅದರ ಅಗಲ 5 ಕಿಲೋಮೀಟರು. ಇನ್ನು ಥಾಣೆ ಮತ್ತು ಕಲ್ಯಾಣಗಳೆರಡನ್ನೂ ಬೆಳಗುತ್ತಿರುವ ಯಂತ್ರ ಯಾವುದು? ಅದು ದಿವಾದಲ್ಲಿದೆ, ಗೆಲಾಕ್ಸಿಯ ಕೇಂದ್ರದಲ್ಲಿರುವ ಕಪ್ಪುಕುಳಿ. ಸುಮಾರು 250 ಕೋಟಿ ಸೂರ್ಯರಷ್ಟು ದ್ರವ್ಯರಾಶಿಯುಳ್ಳದ್ದು. ನಮ್ಮ ನಕ್ಷೆಯಲ್ಲಿ ಅದರ ಅಡ್ಡಗಲ ಎಷ್ಟೆಂದು ನಾನೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ಮಿಲಿಮೀಟರಿನ ಹನ್ನೆರಡನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ತಲೆಗೂದಲಿನ ದಪ್ಪ! ನಂಬಿಕೆ ಬಾರದೆ ಸೊನ್ನೆಗಳನ್ನು ಎರಡನೆಯ ಸಲ ಎಣಿಸಿದೆ. ದಿವಾ ನಿಲ್ದಾಣದ ಮೆಟ್ಟಿಲ ಮೇಲೆ ಬಿದ್ದ ಒಂದು ಕೂದಲಿನ ಕೊನೆ, ಇತ್ತ ಥಾಣೆಯವರೆಗೂ ಅತ್ತ ಕಲ್ಯಾಣದವರೆಗೂ ಶಕ್ತಿಯನ್ನು ರವಾನಿಸುತ್ತಿದೆ ಎಂದಂತಾಯಿತು.

ತಾಳೆಯಾಗದ ಲೆಕ್ಕ

ಹಾಲೆಗಳಲ್ಲಿ ನಕ್ಷತ್ರಗಳಿಲ್ಲದೆಯೂ ರೇಡಿಯೋ ಅಲೆಗಳು ಹುಟ್ಟುವುದೆಂತು? ಅಲ್ಲಿರುವುದು ಅತಿ ವಿರಳವಾದ, ವಿದ್ಯುದಾವೇಶವುಳ್ಳ ಅನಿಲ, ಅರ್ಥಾತ್ ಪ್ಲಾಸ್ಮಾ. ಅದರೊಡನೆ ಹೆಣೆದುಕೊಂಡ ದುರ್ಬಲ ಕಾಂತಕ್ಷೇತ್ರ. ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಓಡುವ ಎಲೆಕ್ಟ್ರಾನುಗಳು ಕಾಂತರೇಖೆಗಳ ಸುತ್ತ ಸುರುಳಿ ಸುತ್ತುವಾಗ ಅಲೆಗಳನ್ನು ಚೆಲ್ಲುತ್ತ ಹೋಗುತ್ತವೆ. ಇದಕ್ಕೆ ಸಿಂಕ್ರೋಟ್ರಾನ್ ವಿಕಿರಣವೆಂದು ಹೆಸರು. ಕಾದ ಕಬ್ಬಿಣ ಬೆಳಗುವ ಬಗೆಗೂ ಇದಕ್ಕೂ ಸಂಬಂಧವಿಲ್ಲ; ಇಲ್ಲಿ ಬೆಳಗುವುದು ಶಾಖವಲ್ಲ, ವೇಗ.

1950ರ ದಶಕದ ಉತ್ತರಾರ್ಧದಲ್ಲಿ ಜೆಫ್ರಿ ಬರ್ಬಿಜ್ ಎಂಬ ಖಗೋಳಜ್ಞರು ಈ ಹಾಲೆಗಳ ಶಕ್ತಿಯ ಶಿಲ್ಕನ್ನು ಲೆಕ್ಕ ಮಾಡಿದರು. ಶಕ್ತಿ ಎರಡು ರೂಪಗಳಲ್ಲಿ ಠೇವಣಿಯಾಗಿರುತ್ತದೆ: ಒಂದು ಎಲೆಕ್ಟ್ರಾನುಗಳ ಓಟದಲ್ಲಿ, ಇನ್ನೊಂದು ಕಾಂತಕ್ಷೇತ್ರದಲ್ಲಿ. ಯಾವುದರಲ್ಲಿ ಎಷ್ಟು ಎಂದು ನೇರವಾಗಿ ತಿಳಿಯುವ ಬಗೆ ಅಂದು ಇರಲಿಲ್ಲ. ಆದರೆ ಎರಡರ ಪಾಲೂ ಬಹುತೇಕ ಸಮನಾಗಿದ್ದರೆ ಒಟ್ಟು ಮೊತ್ತ ಅತ್ಯಂತ ಕಡಿಮೆಯಾಗುತ್ತದೆ. ಹಾಗಾಗಿ ಎಷ್ಟೇ ಜುಗ್ಗತನದಿಂದ ಎಣಿಸಿದರೂ ಇದಕ್ಕಿಂತ ಕಡಿಮೆ ಇರಲಾರದು ಎಂಬ ಒಂದು ಕನಿಷ್ಠ ಶಿಲ್ಕನ್ನು ನಿಶ್ಚಯಿಸಬಹುದು. ಆ ಕನಿಷ್ಠ ಶಿಲ್ಕೇ ಎದೆ ನಡುಗಿಸುವಂತಿತ್ತು: ಕೋಟಿ ಕೋಟಿ ಸೂರ್ಯರು ತಮ್ಮ 1,000 ಕೋಟಿ ವರ್ಷಗಳ ಜೀವಮಾನವಿಡೀ ಉರಿದು ಕೊಡುವ ಶಕ್ತಿಗೆ ಅದು ಸಮ.

ಜಮಾ ಎಲ್ಲಿಂದ ಬಂತು? ಆ ಪ್ರಶ್ನೆ ಅಂದಿನ ಖಗೋಳ ವಿಜ್ಞಾನಿಗಳ ನಿದ್ದೆ ಕೆಡಿಸಿತು. ನಕ್ಷತ್ರಗಳು ಉರಿಯುವುದು ಹೈಡ್ರೋಜನ್ನು ಹೀಲಿಯಮ್ಮಾಗುವ ಕ್ರಿಯೆಯಿಂದ. ಅದರಲ್ಲಿ 1,000 ಕಿಲೋ ಹೈಡ್ರೋಜನ್ನಿನಿಂದ ಶಕ್ತಿಯಾಗಿ ಮಾರ್ಪಡುವುದು ಕೇವಲ 7 ಕಿಲೋ. ಆ ಬಡ್ಡಿದರದಲ್ಲಿ ಈ ಮೊತ್ತ ಕೂಡಿಬರುವುದು ದುಸ್ಸಾಧ್ಯ. ಗೆಲಾಕ್ಸಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರಬಹುದೆಂಬ ವಾದವೂ ಕೆಲಕಾಲ ನಡೆದು, ಲೆಕ್ಕಕ್ಕೆ ಸಾಲದೆ ಹಿಂದೆ ಸರಿಯಿತು. ಕೊನೆಗೆ ಉಳಿದದ್ದು ಗುರುತ್ವಾಕರ್ಷಣೆ. ಕಪ್ಪುಕುಳಿಯ ಸುತ್ತ ಸುಳಿಯುತ್ತ ಒಳಕ್ಕೆ ಇಳಿಯುವ ಅನಿಲದ 1,000 ಕಿಲೋದಲ್ಲಿ ಸುಮಾರು 60 ಕಿಲೋ ಶಕ್ತಿಯಾಗಿ ಹೊರಬರಬಲ್ಲುದು. ಕುಳಿ ಅತಿವೇಗದಿಂದ ತಿರುಗುತ್ತಿದ್ದರೆ 400 ಕಿಲೋವರೆಗೂ. 1964ರಲ್ಲಿ ಸಾಲ್ಪೀಟರ್ ಮತ್ತು ಝೆಲ್ಡೊವಿಚ್, 1969ರಲ್ಲಿ ಲಿಂಡನ್-ಬೆಲ್ ಈ ದಾರಿಯನ್ನು ತೋರಿದರು. ಅಂದು ಅನೇಕರಿಗೆ ಇದು ಅತಿರೇಕದ ಕಲ್ಪನೆಯಾಗಿ ಕಂಡದ್ದುಂಟು. ಆದರೆ ಖಾತೆ ತಾಳೆಯಾಗಬೇಕಾದರೆ ಬೇರೆ ಗತಿಯಿರಲಿಲ್ಲ. ಕಪ್ಪುಕುಳಿಗಳು ಗಣಿತದ ಕಾಗದದಿಂದ ಇಳಿದು ನಿಜವಾದ ಆಕಾಶಕ್ಕೆ ಬಂದುದರಲ್ಲಿ ಈ ಹಾಲೆಗಳ ಲೆಕ್ಕಾಚಾರದ ಪಾಲು ಸಣ್ಣದಲ್ಲವೆಂದು ನನ್ನ ಭಾವನೆ. ಕಪ್ಪುಕುಳಿಯನ್ನು ತಟ್ಟಿದರೆ ಅದು ಗಂಟೆಯಂತೆ ಅನುರಣಿಸಿ ಅಡಗುತ್ತದೆಂದು 1970ರಲ್ಲಿ ಗಣಿತದಿಂದ ತೋರಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರರು, ಮುಂದೆ ಅದೇ ನಗರದ ನೆಹರೂ ತಾರಾಲಯವನ್ನು ಬೆಳೆಸಿದವರು ಎಂಬುದನ್ನು ಕನ್ನಡಿಗರಾದ ನಾವು ಪ್ರಸಂಗವಶಾತ್ ಇಲ್ಲಿ ನೆನೆಯತಕ್ಕದ್ದು.

ಒಂದು ತಪ್ಪು ತಿಳಿವಳಿಕೆಗೆ ಇಲ್ಲಿ ಅವಕಾಶವಿದೆ. ಕಪ್ಪುಕುಳಿಯೊಳಗೆ ಹೋದದ್ದು ಹೊರಬರುವುದಿಲ್ಲ. ಹಾಗಿದ್ದ ಮೇಲೆ ಧಾರೆ ಚಿಮ್ಮುವುದೆಂತು? ಚಿಮ್ಮುವುದು ಒಳಗೆ ಹೋದ ದ್ರವ್ಯವಲ್ಲ. ಅಂಚಿನ ಹೊರಗೆ ಸುತ್ತುತ್ತಿರುವ ಅನಿಲದ ತಟ್ಟೆಯೊಡನೆ ಬಂದ ಕಾಂತರೇಖೆಗಳು, ತಿರುಗುವ ಕುಳಿಯ ಸುತ್ತ ಹಗ್ಗದಂತೆ ಹುರಿಗೊಂಡು, ತಿರುಗುವ ಅಕ್ಷದ ಎರಡು ದಿಕ್ಕುಗಳಿಗೆ ಪ್ಲಾಸ್ಮಾವನ್ನು ಎಸೆಯುತ್ತವೆ. ಶಕ್ತಿಯನ್ನು ಕೊಡುವುದು ಕುಳಿಯ ತಿರುಗುವಿಕೆಯೇ ಎಂಬ ಸಿದ್ಧಾಂತವನ್ನು 1977ರಲ್ಲಿ ಬ್ಲ್ಯಾಂಡ್‌ಫೋರ್ಡ್ ಮತ್ತು ಝ್ನಾಯೆಕ್ ಮಂಡಿಸಿದರು.

ಧಾರೆಯ ಸ್ವರೂಪ

ಕೇಂದ್ರದಿಂದ ಹಾಲೆಗೆ ಶಕ್ತಿಯನ್ನು ಒಯ್ಯುವ ಈ ಚಿಮ್ಮುಧಾರೆಯನ್ನು ವಿಜ್ಞಾನಿಗಳು ಜೆಟ್ ಎನ್ನುತ್ತಾರೆ. ಅದನ್ನು ಮೊದಲು ಕಂಡದ್ದು ರೇಡಿಯೋ ಯುಗಕ್ಕಿಂತಲೂ ಬಹಳ ಹಿಂದೆ. 1918ರಲ್ಲಿ ಹೀಬರ್ ಕರ್ಟಿಸ್ ಎಂಬವರು ಕನ್ಯಾ ರಾಶಿಯಲ್ಲಿರುವ ಎಂ-87 ಗೆಲಾಕ್ಸಿಯ ಛಾಯಾಚಿತ್ರದಲ್ಲಿ ಕೇಂದ್ರದಿಂದ ಹೊರಟ ಒಂದು ನೇರವಾದ ಕಿರಣವನ್ನು ಗುರುತಿಸಿದರು. ಅದೇನೆಂದು ಅಂದು ಯಾರಿಗೂ ತಿಳಿಯಲಿಲ್ಲ. ಸುಮಾರು 5,000 ಜ್ಯೋತಿರ್ವರ್ಷಗಳಷ್ಟು ಉದ್ದದ ಆ ಕಿರಣದ ಬುಡದಲ್ಲಿರುವ, 650 ಕೋಟಿ ಸೂರ್ಯರ ತೂಕದ ಕಪ್ಪುಕುಳಿಯ ನೆರಳಿನ ಚಿತ್ರ 2019ರ ಏಪ್ರಿಲಿನಲ್ಲಿ ಪ್ರಕಟವಾಗಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಮೆರೆಯಿತು. ಕಿತ್ತಳೆ ಬಣ್ಣದ ಆ ಉಂಗುರವನ್ನು ವಾಚಕರು ಮರೆತಿರಲಾರರು. 2023ರಲ್ಲಿ ಉಂಗುರ ಮತ್ತು ಧಾರೆಯ ಬುಡ ಎರಡೂ ಒಂದೇ ಚಿತ್ರದಲ್ಲಿ ಮೂಡಿಬಂದವು.

ಎಂ-87ರಲ್ಲಿ ಧಾರೆ ಒಂದೇ ಕಡೆಗೆ ಕಾಣುವುದೇಕೆ? ಎರಡೂ ಕಡೆಗೆ ಚಿಮ್ಮುತ್ತಿದ್ದರೂ, ಬೆಳಕಿನ ವೇಗಕ್ಕೆ ಹತ್ತಿರವಾಗಿ ನಮ್ಮತ್ತ ಬರುವ ಧಾರೆಯ ಬೆಳಕು ಮುಂದಕ್ಕೆ ಒಟ್ಟುಗೂಡಿ ಬಹುಪಟ್ಟು ಪ್ರಖರವಾಗುತ್ತದೆ. ನಮ್ಮಿಂದ ದೂರ ಸರಿಯುವುದು ಅಷ್ಟೇ ಮಂಕಾಗುತ್ತದೆ. ಆದ್ದರಿಂದ ಕಾಣದ್ದು ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಹಾಲೆಗಳಾದರೋ ನಿಧಾನವಾಗಿ ಚಲಿಸುವಂಥವು. ಅವು ಎರಡೂ ಕಡೆ ಕಾಣುತ್ತವೆ, ಮತ್ತು ಕಾಣದ ಧಾರೆಗೆ ಸಾಕ್ಷಿ ನುಡಿಯುತ್ತವೆ.

ಧಾರೆಗಳಲ್ಲಿ ಎರಡು ಜಾತಿ. 1974ರಲ್ಲಿ ಕೇಂಬ್ರಿಜ್‌ನ ಇಬ್ಬರು ಯುವ ಸಂಶೋಧಕರು, ಬರ್ನಿ ಫನಾರಾಫ್ ಮತ್ತು ಜೂಲಿಯಾ ರೈಲಿ, ಈ ಭೇದವನ್ನು ಗುರುತಿಸಿದರು. ಮೊದಲನೆಯ ಜಾತಿಯನ್ನು ತಿಳಿಯಲು ದೇವರ ಮುಂದೆ ಹಚ್ಚಿಟ್ಟ ಊದುಬತ್ತಿಯನ್ನು ನೋಡಿರಿ. ಹೊಗೆ ಸ್ವಲ್ಪ ದೂರ ಗೆರೆ ಎಳೆದಂತೆ ನೇರವಾಗಿ ಏರಿ, ಥಟ್ಟನೆ ಕದಡಿ, ಸುರುಳಿ ಸುರುಳಿಯಾಗಿ ಹರಡಿ ಮಾಯವಾಗುತ್ತದೆ. ಕಡಿಮೆ ಶಕ್ತಿಯ ಧಾರೆಗಳೂ ಹಾಗೆಯೇ. ಸುತ್ತಲಿನ ಅನಿಲವನ್ನು ಎಳೆದುಕೊಂಡು ವೇಗ ಕಳೆದುಕೊಳ್ಳುತ್ತವೆ. ಅವು ಕೇಂದ್ರದ ಬಳಿ ಪ್ರಖರ, ಅಂಚಿನಲ್ಲಿ ಮಂಕು. ದಕ್ಷಿಣಾಕಾಶದ ಕಿನ್ನರ ರಾಶಿಯಲ್ಲಿ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಸೆಂಟಾರಸ್-ಎ ಈ ಜಾತಿಯದು. ಅದರ ಹಾಲೆಗಳು ಆಕಾಶದಲ್ಲಿ ಎಷ್ಟು ಹರಡಿವೆಯೆಂದರೆ, ನಮ್ಮ ಕಣ್ಣಿಗೆ ರೇಡಿಯೋ ಅಲೆಗಳು ಕಾಣುವಂತಿದ್ದರೆ 16 ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು ಉದ್ದಕ್ಕೆ ಅವು ಕಂಡಾವು.

ಎರಡನೆಯ ಜಾತಿಯದು ಅಗ್ನಿಶಾಮಕ ದಳದವರ ನೀರಿನ ಧಾರೆಯಂಥದ್ದು. ದಾರಿಯುದ್ದಕ್ಕೂ ಸೊರಗದೆ ಹೋಗಿ ಗೋಡೆಗೆ ಅಪ್ಪಳಿಸುತ್ತದೆ. ಗೋಡೆ ಎಂದರೆ ಇಲ್ಲಿ ಗೆಲಾಕ್ಸಿಗಳ ನಡುವಿನ ವಿರಳ ಅನಿಲ. ಅಪ್ಪಳಿಸಿದ ಜಾಗದಲ್ಲಿ ಒಂದು ಉಜ್ವಲ ಬಿಂದು ಮೂಡುತ್ತದೆ. ಅಲ್ಲಿ ಎಲೆಕ್ಟ್ರಾನುಗಳಿಗೆ ಹೊಸ ವೇಗ ಒದಗುತ್ತದೆ. ಗೋಡೆಗೆ ಬಡಿದ ನೀರು ಸಿಡಿದು ಹಿಂದಕ್ಕೆ ಚಿಮ್ಮುವಂತೆ ಅಲ್ಲಿನ ಪ್ಲಾಸ್ಮಾ ಹಿಂದಕ್ಕೆ ಮರಳಿ ಧಾರೆಯ ಸುತ್ತ ಗೂಡಿನಂತೆ ತುಂಬಿಕೊಳ್ಳುತ್ತದೆ. ಈ ಗೂಡೇ ಹಾಲೆ. ಸಿಗ್ನಸ್-ಎ ಈ ಜಾತಿಗೆ ಆದರ್ಶ. ಆದರೆ ಅದರ ಎಳೆಯಂಥ ಧಾರೆ ಕಣ್ಣಿಗೆ ಬಿದ್ದದ್ದು 1984ರಲ್ಲಿ, ಅಮೆರಿಕದ ವಿ.ಎಲ್.ಎ. ದೂರದರ್ಶಕದ ಚಿತ್ರದಲ್ಲಿ. ಹಾಲೆಗಳನ್ನು ಕಂಡ 31 ವರ್ಷಗಳ ಮೇಲೆ!

ನಮ್ಮ ಯೂನಿಯನ್ ಮಿತ್ರರಿಗೆ ಸಂತೋಷವಾದೀತೆಂದು ಒಂದು ಮಾತು: ಫನಾರಾಫ್ ಅವರು ಡಾಕ್ಟರೇಟ್ ಪಡೆದು ಸ್ವದೇಶವಾದ ದಕ್ಷಿಣ ಆಫ್ರಿಕಕ್ಕೆ ಮರಳಿದ ಮೇಲೆ ಹಲವು ವರ್ಷ ಲೋಹ ಕಾರ್ಮಿಕರ ಸಂಘಟನೆಯಲ್ಲಿ ದುಡಿದರು; ಮಂಡೇಲಾ ಅವರ ಸರಕಾರದಲ್ಲಿ ಅಧಿಕಾರಿಯಾಗಿದ್ದರು; ಆಮೇಲೆ ಆ ದೇಶದ ಬೃಹತ್ ರೇಡಿಯೋ ದೂರದರ್ಶಕ ಯೋಜನೆಯ ನೇತೃತ್ವ ವಹಿಸಿದರು.

ಹಳೆಯ ಪುಟಗಳನ್ನು ಓದುವ ಬಗೆ

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಎಲೆಕ್ಟ್ರಾನು ಅಲೆಗಳನ್ನು ಚೆಲ್ಲುತ್ತ ಹೋದಂತೆ ಅದರ ಶಕ್ತಿ ಕರಗುತ್ತದೆ. ಹೆಚ್ಚು ಶಕ್ತಿಯುಳ್ಳದ್ದು ಬೇಗನೆ ದಿವಾಳಿ; ಕಡಿಮೆ ಶಕ್ತಿಯುಳ್ಳದ್ದು ಮಿತವ್ಯಯದಿಂದ ದೀರ್ಘಕಾಲ ಬಾಳುತ್ತದೆ. ಹೆಚ್ಚು ಶಕ್ತಿಯವು ಹೊರಸೂಸುವುದು ಹೆಚ್ಚು ಆವೃತ್ತಿಯ ಅಲೆಗಳನ್ನು, ಕಡಿಮೆ ಶಕ್ತಿಯವು ಕಡಿಮೆ ಆವೃತ್ತಿಯ ಅಲೆಗಳನ್ನು. ಆದಕಾರಣ ಹಾಲೆಯ ಯಾವುದೇ ಒಂದು ಭಾಗವನ್ನು ಬೇರೆ ಬೇರೆ ಆವೃತ್ತಿಗಳಲ್ಲಿ ಅಳೆದು, ಹೆಚ್ಚಿನ ಆವೃತ್ತಿಯ ಅಲೆಗಳು ಎಷ್ಟು ಕ್ಷೀಣಿಸಿವೆಯೆಂದು ನೋಡಿದರೆ, ಆ ಭಾಗಕ್ಕೆ ಜಮಾ ಬಂದು ಎಷ್ಟು ಕಾಲವಾಯಿತೆಂದು ಅಂದಾಜು ಮಾಡಬಹುದು. ಸಿಗ್ನಸ್-ಎ ಜಾತಿಯ ಗೆಲಾಕ್ಸಿಗಳಲ್ಲಿ ಉಜ್ವಲ ಬಿಂದುವಿನ ಬಳಿ ಇರುವುದು ಇತ್ತೀಚಿನ ನಮೂದು. ಅಲ್ಲಿಂದ ಕೇಂದ್ರದ ಕಡೆಗೆ ಹಿಂದಿರುಗಿದಂತೆಲ್ಲ ಹಳೆಯ ಪುಟಗಳು. ಹಾಲೆಯೆಂಬುದು ಕಪ್ಪುಕುಳಿಯ ಲೆಡ್ಜರು.

ಆದರೆ ತೀರ ಹಳೆಯ ಪುಟಗಳ ಮಸಿ ಮಾಸಿರುತ್ತದೆ. ಅವನ್ನು ಓದಲು ಕಡಿಮೆ ಆವೃತ್ತಿಯ, ಅಂದರೆ ಉದ್ದನೆಯ ಅಲೆಗಳ ದೂರದರ್ಶಕವೇ ಬೇಕು. ಕಲ್ಯಾಣದಲ್ಲಿ ಹುಟ್ಟಿದ ಪರಂಪರೆ ಹಿಡಿದದ್ದು ಈ ದಾರಿಯನ್ನೇ. ಕರ್ನಾಟಕದ ಗೌರಿಬಿದನೂರಿನಲ್ಲಿಯೂ ರಾಮನ್ ಸಂಶೋಧನ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಜೊತೆಗೂಡಿ 1976ರಲ್ಲಿ 34.5 ಮೆಗಾಹರ್ಟ್ಸ್‌ನ, 1,000 ಆಂಟೆನಾಗಳ ವ್ಯೂಹವನ್ನು ಹರಡಿದ್ದವು. ಖೋಡದ್‌ನಲ್ಲಿರುವ ಜಿ.ಎಂ.ಆರ್.ಟಿ. ಎಂಬ ದೈತ್ಯ ಮೀಟರ್‌ಅಲೆ ದೂರದರ್ಶಕದಲ್ಲಿ ತಲಾ 45 ಮೀಟರು ವ್ಯಾಸದ 30 ಬೋಗುಣಿಗಳಿವೆ. 14 ನಡುವೆ ಗುಂಪಾಗಿ, 16 ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಸುಮಾರು 25 ಕಿಲೋಮೀಟರುಗಳಷ್ಟು ದೂರಕ್ಕೆ ಹರಡಿವೆ. ಅರ್ಧ ಮೀಟರು ಉದ್ದದ ಅಲೆಗೆ 2 ಸೆಂಟಿಮೀಟರಿನ ತೂತು ತೂತೇ ಅಲ್ಲವಾದ್ದರಿಂದ, ಬೋಗುಣಿಗೆ ಲೋಹದ ತಗಡು ಹಾಸದೆ, ಉಕ್ಕಿನ ಹಗ್ಗಗಳ ಮೇಲೆ ತೆಳುವಾದ ತಂತಿಜಾಲವನ್ನು ಬಿಗಿದಿದ್ದಾರೆ. ಗಾಳಿ ತೂರಿಹೋಗುತ್ತದೆ; ಭಾರ ಕಡಿಮೆ; ವೆಚ್ಚವೂ ಕಡಿಮೆ. ಇದು ಗೋವಿಂದ ಸ್ವರೂಪರ ಯೋಚನೆ. ಬಡದೇಶದ ಮಿತವ್ಯಯ ಇಲ್ಲಿ ಯಂತ್ರಶಾಸ್ತ್ರದ ಜಾಣತನವೇ ಆಗಿದೆ. 30 ಬೋಗುಣಿಗಳ ಸಂಕೇತಗಳನ್ನು ಗಣಕದಲ್ಲಿ ಕೂಡಿಸಿದಾಗ ಅವು 25 ಕಿಲೋಮೀಟರು ಅಗಲದ ಒಂದೇ ಕಣ್ಣಿನಂತೆ ವರ್ತಿಸುತ್ತವೆ. ಅರ್ಧ ಮೀಟರಿನ ಅಲೆಯಲ್ಲಿ ಅದರ ತೀಕ್ಷ್ಣತೆ, ಒಂದು ಕಿಲೋಮೀಟರು ದೂರದಲ್ಲಿಟ್ಟ ಒಂದು ರೂಪಾಯಿ ನಾಣ್ಯದ ಅಗಲದಷ್ಟು.

ಈ ಕಣ್ಣು ಓದಿದ ಹಳೆಯ ಪುಟಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಜೆ1453+3308 ಎಂಬ, ಹೆಸರಿಗೆ ಬದಲು ಖಾತೆ ಸಂಖ್ಯೆಯನ್ನೇ ಹೊತ್ತ ಗೆಲಾಕ್ಸಿ. ಇದಕ್ಕೆ ಹಾಲೆಗಳು ಎರಡಲ್ಲ, ನಾಲ್ಕು. ಹೊರಗಿನ ಜೋಡಿ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 42 ಲಕ್ಷ ಜ್ಯೋತಿರ್ವರ್ಷ. ಅದರೊಳಗೆ, ಅದೇ ನೇರದಲ್ಲಿ, ಸುಮಾರು 5 ಲಕ್ಷ ಜ್ಯೋತಿರ್ವರ್ಷಗಳ ಇನ್ನೊಂದು ಜೋಡಿ. 2006ರಲ್ಲಿ ಕೋನಾರ್, ಸೈಕಿಯಾ ಮತ್ತಿತರರು ಜಿ.ಎಂ.ಆರ್.ಟಿ. ಹಾಗೂ ವಿ.ಎಲ್.ಎ.ಗಳ ಅಳತೆಗಳಿಂದ ವಯಸ್ಸನ್ನು ಕಟ್ಟಿದರು. ಹೊರಗಿನದಕ್ಕೆ ಸುಮಾರು 5 ಕೋಟಿ ವರ್ಷ, ಒಳಗಿನದಕ್ಕೆ ಸುಮಾರು 20 ಲಕ್ಷ. ಅರ್ಥವೇನೆಂದರೆ, ಕಪ್ಪುಕುಳಿ ಒಮ್ಮೆ ಧಾರೆ ಸುರಿಸಿ, ನಿಂತು, ದೀರ್ಘಕಾಲದ ಮೇಲೆ ಮತ್ತೆ ಸುರಿಸತೊಡಗಿದೆ. ನಿಷ್ಕ್ರಿಯವಾಗಿದ್ದ ಖಾತೆಯಲ್ಲಿ ವ್ಯವಹಾರ ಪುನಃ ಆರಂಭವಾದಂತೆ. ಕೋಟ್ಯಂತರ ವರ್ಷಗಳ ಮೇಲೂ ಹೊಸ ಧಾರೆ ಹಳೆಯದರ ದಿಕ್ಕನ್ನೇ ಹಿಡಿದಿರುವುದು, ತಿರುಗುವ ಕುಳಿಯ ಅಕ್ಷ ಎಷ್ಟು ಸ್ಥಿರವೆಂಬುದನ್ನು ತೋರಿಸುತ್ತದೆ.

ಎರಡನೆಯದು, ಪಾಶ್ಚಾತ್ಯರು ಆಫಿಯೂಕಸ್ ಎಂದು ಕರೆಯುವ ಉರಗಧರ ರಾಶಿಯಲ್ಲಿ, ಸುಮಾರು 39 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಗಳ ಗುಚ್ಛ. ಅಂಥ ಗುಚ್ಛಗಳಲ್ಲಿ ಎಕ್ಸ್-ಕಿರಣಗಳನ್ನು ಸೂಸುವ ಅತ್ಯುಷ್ಣ ಅನಿಲ ತುಂಬಿರುತ್ತದೆ. ಹಾಲೆಗಳು ಆ ಅನಿಲವನ್ನು ಪಕ್ಕಕ್ಕೆ ತಳ್ಳಿ ಪೊಳ್ಳು ಮಾಡಿ, ಅದನ್ನು ಕಾಯಿಸಿಡುತ್ತವೆ. ಅನಿಲ ತಣಿದು ಹೊಸ ನಕ್ಷತ್ರಗಳಾಗುವುದನ್ನು ಹೀಗೆ ತಡೆಯುತ್ತವೆ. ಧಾರೆಗಳ ಶಕ್ತಿಯ ಖರ್ಚಿನ ದೊಡ್ಡ ಬಾಬತ್ತು ಇದೇ. 2016ರಲ್ಲಿ ಈ ಗುಚ್ಛದ ಎಕ್ಸ್-ಕಿರಣ ಚಿತ್ರದಲ್ಲಿ ಒಂದು ಬಾಗಿದ ಅಂಚು ಕಂಡುಬಂದಿತ್ತು. ಹಾಲೆ ಕೊರೆದ ಪೊಳ್ಳಿನ ಅಂಚು ಅದಾಗಿರಬಹುದೇ ಎಂದು ಸಂಶೋಧಕರು ಯೋಚಿಸಿದರು. ಆದರೆ ಅಷ್ಟು ದೊಡ್ಡ ಪೊಳ್ಳಿಗೆ ಬೇಕಾಗುವ ಶಕ್ತಿಯ ಮೊತ್ತವನ್ನು ನೋಡಿ, ಇದು ಅಸಂಭವವೆಂದು ಬದಿಗಿಟ್ಟರು. ನಾಲ್ಕು ವರ್ಷಗಳ ತರುವಾಯ, 2020ರಲ್ಲಿ, ಆಸ್ಟ್ರೇಲಿಯಾದ ಒಂದು ಕಡಿಮೆ ಆವೃತ್ತಿಯ ದೂರದರ್ಶಕ ಮತ್ತು ನಮ್ಮ ಜಿ.ಎಂ.ಆರ್.ಟಿ.ಯ ದಾಖಲೆಗಳನ್ನು ಪರಿಶೀಲಿಸಿದಾಗ, ಆ ಪೊಳ್ಳನ್ನು ಸರಿಯಾಗಿ ತುಂಬಿಕೊಂಡಿದ್ದ ಒಂದು ಮುದಿ ಹಾಲೆ ಮಂಕಾಗಿ ಬೆಳಗುತ್ತಿತ್ತು. ನಮ್ಮ ಆಕಾಶಗಂಗೆಯಂಥ 15 ಗೆಲಾಕ್ಸಿಗಳನ್ನು ಸಾಲಾಗಿ ಇಡಬಹುದಾದಷ್ಟು ಅಗಲದ ಪೊಳ್ಳು! ಮೊತ್ತ ಬಹಳ ದೊಡ್ಡದಾಯಿತೆಂಬ ಒಂದೇ ಕಾರಣಕ್ಕೆ ನಮೂದನ್ನು ತಳ್ಳಿಹಾಕಬಾರದೆಂದು ನಮ್ಮ ಲೆಕ್ಕಪರಿಶೋಧಕರೂ ಹೇಳುತ್ತಾರಷ್ಟೆ.

ಉದ್ದದ ವಿಷಯದಲ್ಲಿಯೂ ದಾಖಲೆ ಮುರಿಯುತ್ತಲೇ ಇದೆ. 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಪಾರ್ಫಿರಿಯಾನ್ ಎಂಬ ಧಾರೆಯ ಜೋಡಿ ತುದಿಯಿಂದ ತುದಿಗೆ ಸುಮಾರು 2.3 ಕೋಟಿ ಜ್ಯೋತಿರ್ವರ್ಷ. ಅದನ್ನು ಕಂಡುಹಿಡಿದದ್ದು ಯೂರೋಪಿನ ಲೋಫಾರ್ ದೂರದರ್ಶಕ. ಅದು ಯಾವ ಗೆಲಾಕ್ಸಿಯಿಂದ ಹೊರಟಿದೆಯೆಂದು ನಿಶ್ಚಯಿಸಲು ನೆರವಾದದ್ದು ಖೋಡದ್. ನಮ್ಮ ರೈಲ್ವೆ ನಕ್ಷೆ ಇಲ್ಲಿ ಸಾಲದು. ದಿವಾ ನಿಲ್ದಾಣವನ್ನು ನಡುವೆ ಇಟ್ಟು ಅದೇ ಅಳತೆಯಲ್ಲಿ ಎಳೆದರೆ ಒಂದು ತುದಿ ಕಚ್ಛದ ರಣದಲ್ಲಿ, ಇನ್ನೊಂದು ತುದಿ ನಮ್ಮ ರಾಣೇಬೆನ್ನೂರಿನ ಆಸುಪಾಸಿನಲ್ಲಿ ಬೀಳುತ್ತದೆ. ಅಷ್ಟು ದೂರವೂ ಧಾರೆ ನೇರವಾಗಿಯೇ ಹೋಗಿದೆ. ದಾರಿಯಲ್ಲಿನ ಅನಿಲದ ಅಡೆತಡೆಗಳಲ್ಲಿ ಅದು ಕದಡಿಹೋಗದೆ ಉಳಿದದ್ದು ಹೇಗೆ ಎಂಬುದಕ್ಕೆ ವಿಜ್ಞಾನಿಗಳು ಇನ್ನೂ ಸಮರ್ಪಕವಾದ ಉತ್ತರವನ್ನು ಹುಡುಕುತ್ತಿದ್ದಾರೆ. ಧಾರೆಯೊಳಗೆ ಎಲೆಕ್ಟ್ರಾನುಗಳ ಜೊತೆಗೆ ಓಡುವುದು ಪ್ರೋಟಾನುಗಳೋ ಪಾಸಿಟ್ರಾನುಗಳೋ ಎಂಬ ಮೂಲಭೂತ ಪ್ರಶ್ನೆಯೂ ಇತ್ಯರ್ಥವಾಗಿಲ್ಲ.

ಖೋಡದ್ ನಮಗೆ ದೂರವೇನಲ್ಲ. ಕಲ್ಯಾಣದಿಂದ ಮುರಬಾಡ್ ಮಾರ್ಗವಾಗಿ ಮಾಳಶೇಜ್ ಘಾಟಿಯನ್ನು ಏರಿ, ಓತೂರು ದಾಟಿ, ಆಳೆಫಾಟಾದಲ್ಲಿ ಪುಣೆ-ನಾಸಿಕ ಹೆದ್ದಾರಿಯನ್ನು ಹಿಡಿದು ದಕ್ಷಿಣಕ್ಕೆ ಹೊರಳಿದರೆ ನಾರಾಯಣಗಾಂವ್. ಅಲ್ಲಿಂದ ಪೂರ್ವಕ್ಕೆ ಖೋಡದ್. ಮಳೆಗಾಲದಲ್ಲಿ ಜಲಪಾತ ನೋಡಲು ಮಾಳಶೇಜ್‌ಗೆ ಹೋಗಿ ಅಲ್ಲಿಂದಲೇ ಹಿಂದಿರುಗುವ ನಮ್ಮ ಕುಟುಂಬಗಳು ಇನ್ನೊಂದಿಷ್ಟು ಮುಂದೆ ಹೋಗಬಹುದು. ರಾಷ್ಟ್ರೀಯ ವಿಜ್ಞಾನ ದಿನವಾದ ಫೆಬ್ರವರಿ 28ರ ಸುಮಾರಿಗೆ ಅಲ್ಲಿ ಸಾರ್ವಜನಿಕರಿಗಾಗಿ ವಿಜ್ಞಾನ ಮೇಳ ನಡೆಯುವ ವಾಡಿಕೆಯಿದ್ದು, ಸುತ್ತಲಿನ ಹಳ್ಳಿಶಾಲೆಗಳ ಮಕ್ಕಳು ತಾವು ಮಾಡಿದ ಮಾದರಿಗಳೊಡನೆ ಬರುತ್ತಾರೆ. ಹೋದವರು ಕೈಯಲ್ಲಿನ ಮೊಬೈಲು ಫೋನನ್ನು ಆರಿಸಬೇಕು. ಕೋಟಿ ಜ್ಯೋತಿರ್ವರ್ಷಗಳಿಂದ ಬರುವ ಅಲೆ ಅಷ್ಟು ಕ್ಷೀಣ. ನಮ್ಮ ಒಂದು ಫೋನಿನ ಪಿಸುಮಾತು ಅದನ್ನು ಮುಳುಗಿಸಬಲ್ಲುದು.

ಅಲ್ಲಿಯವರೆಗೆ ಮನೆಯ ಮಾಳಿಗೆಯಿಂದಲೇ ಒಂದು ಪ್ರಯತ್ನ ಸಾಧ್ಯ. ರಾಜ್ಯೋತ್ಸವದ ತಿಂಗಳಿನಲ್ಲಿ, ಸಂಜೆ ಏಳರ ಹೊತ್ತಿಗೆ, ವಾಯವ್ಯ ದಿಕ್ಕಿನಲ್ಲಿ ಆಕಾಶದ ಅರ್ಧದಷ್ಟು ಎತ್ತರಕ್ಕೆ ದೃಷ್ಟಿ ಹಾಯಿಸಿದರೆ, ಶಿಲುಬೆಯಾಕಾರದಲ್ಲಿ ರೆಕ್ಕೆ ಚಾಚಿದ ರಾಜಹಂಸ ಕಾಣಿಸುತ್ತದೆ. ಎರಡು ಗೆರೆಗಳು ಕೂಡುವಲ್ಲಿ ಹಂಸದ ಎದೆಯ ನಕ್ಷತ್ರವಿದೆ. ಕೈಯನ್ನು ನೀಳವಾಗಿ ಚಾಚಿ, ಆ ನಕ್ಷತ್ರದಿಂದ ದಿಗಂತದ ಕಡೆಗೆ ಎರಡು ಬೆರಳಗಲ ಬಿಟ್ಟು ನೋಡಿರಿ. ಡೊಂಬಿವಲಿಯ ದೀಪಗಳ ನಡುವಿನಿಂದ ಅಲ್ಲಿ ಏನೂ ಕಾಣುವುದಿಲ್ಲ. ಸಿಗ್ನಸ್-ಎ ಇರುವುದು ಅಲ್ಲಿಯೇ.